ಹಾಲ್ ಮತ್ತು ರೂಮಿನ ನಡುವಿನ 9 ಇಂಚಿನ ಗೋಡೆ ತೆಗೆಯಬಹುದಾ? (ದಾವಣಗೆರೆ, 1986ರ ಮನೆ)

ವಿನೋಬನಗರದ ಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ ವಿನೋಬನಗರದಲ್ಲಿ ಅಪ್ಪ 1986ರಲ್ಲಿ ಕಟ್ಟಿಸಿದ ಮನೆ. ಸೈಜುಗಲ್ಲಿನ ಪಾಯ, ಇಟ್ಟಿಗೆ ಗೋಡೆ, ಮೇಲೆ ಆರ್‌ಸಿಸಿ. ಆಮೇಲೆ ಮಹಡಿ ಮೇಲೂ ಎರಡು ರೂಮು ಹಾಕಿಸಿದರು. ಕೆಳಗಡೆ ಹಾಲ್ 11ಕ್ಕೆ 11 ಅಡಿ, ಪಕ್ಕದ ರೂಮು 11ಕ್ಕೆ 10. ನಡುವೆ ಒಂದು ಗೋಡೆ. ತಂಗಿ ಮದುವೆ ಗೊತ್ತಾಗಿದೆ, ನೆಂಟರು ಬಂದರೆ ಕೂರಿಸಲು ಜಾಗ ಇಲ್ಲ. ಅದಕ್ಕಿಂತ ಜಾಸ್ತಿ ಅಮ್ಮನ ಕಷ್ಟ. ಮೊಣಕಾಲು ಆಪರೇಷನ್ ಆದ ಮೇಲೆ ವಾಕರ್ ಹಿಡಿದೇ ಓಡಾಡಬೇಕು, ಆ ಸಣ್ಣ ಬಾಗಿಲಲ್ಲಿ ವಾಕರ್ ಪ್ರತಿಸಲ ಚೌಕಟ್ಟಿಗೆ ತಗಲುತ್ತದೆ. ಅದಕ್ಕೇ ಗೋಡೆ ತೆಗೆದು ಎರಡನ್ನೂ ಒಂದೇ ಹಾಲ್ ಮಾಡೋಣ ಅಂದುಕೊಂಡಿದ್ದೇವೆ.

ಒಬ್ಬ ಮೇಸ್ತ್ರಿ ಬಂದು ಗೋಡೆ ತಟ್ಟಿ ನೋಡಿ "ಏನೂ ಆಗಲ್ಲ ಬಿಡ್ರಿ ಸಾರ್, ಎರಡು ದಿನದ ಕೆಲಸ, ಮೇಲೊಂದು ಕಬ್ಬಿಣದ ಚಾನಲ್ ಕೊಟ್ಟರೆ ಮುಗೀತು" ಅಂದರು. ಇನ್ನೊಬ್ಬರು ಬಂದು ಮುಟ್ಟಲೇ ಬೇಡಿ ಅಂದರು. ಯಾರ ಮಾತು ಕೇಳಬೇಕು? ಬಾಗಿಲ ಹತ್ತಿರ ಅಳೆದರೆ ಗೋಡೆ ಗಿಲಾವು ಸೇರಿ 10 ಇಂಚು ಇದೆ.

ಹರಿಹರದವನು:

ಸಾರ್, ಬಾಗಿಲ ಮೇಲೆ ಕಾಂಕ್ರೀಟ್ ಪಟ್ಟಿ, ಅದೇ ಲಿಂಟಲ್, ಇರುತ್ತದಲ್ವಾ. ಆ ಕಾಲದಲ್ಲಿ ಎಷ್ಟೋ ಜನ ಮನೆ ಸುತ್ತಲೂ ಒಂದೇ ಲಿಂಟಲ್ ಹಾಕಿಸುತ್ತಿದ್ದರು. ಹಾಗೆ ಇದ್ದರೆ ಅದೇ ಬೀಮ್ ಥರ ಹಿಡಿದುಕೊಳ್ಳುತ್ತದೆ, ಕೆಳಗಿನ ಇಟ್ಟಿಗೆ ಮಾತ್ರ ತೆಗೆದರೆ ಸಾಕು. ನಮ್ಮ ಕಡೆ ಒಂದೆರಡು ಮನೆಗಳಲ್ಲಿ ಹೀಗೇ ಮಾಡಿದ್ದಾರೆ, ನಿಂತಿವೆ.

ಕಾಂಕ್ರೀಟ್ ಲೆಕ್ಕ:

ದಯವಿಟ್ಟು ಲಿಂಟಲ್ ನಂಬಿ ಇಟ್ಟಿಗೆ ತೆಗೆಯಬೇಡಿ. ನಾನು ದಾವಣಗೆರೆಯಲ್ಲೇ ಸ್ಟ್ರಕ್ಚರಲ್ ಕೆಲಸ ಮಾಡುವವನು, ಹಳೆ ಮನೆಗಳ ರಿಪೇರಿ ಜಾಸ್ತಿ ನೋಡುತ್ತೇನೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಲಿಂಟಲ್ ಅಂದರೆ ಸಾಮಾನ್ಯವಾಗಿ 6 ಇಂಚು ದಪ್ಪ, ಒಳಗೆ ನಾಲ್ಕು ಸಣ್ಣ ಕಂಬಿ. ಮೂರೂವರೆ ಅಡಿ ಬಾಗಿಲ ಮೇಲೆ ಅದು ಯಾಕೆ ನಿಂತಿದೆ ಗೊತ್ತಾ? ಮೇಲಿನ ಇಟ್ಟಿಗೆಗಳು ತಮ್ಮಷ್ಟಕ್ಕೆ ತಾವೇ ಕಮಾನಿನ ಥರ ಭಾರವನ್ನು ಎರಡೂ ಪಕ್ಕದ ಗೋಡೆಗೆ ದಾಟಿಸುತ್ತವೆ. ಲಿಂಟಲ್ ಮೇಲೆ ಬೀಳುವುದು ಬಾಗಿಲ ನೆತ್ತಿಯ ಮೇಲಿನ ತ್ರಿಕೋನದಷ್ಟು ಇಟ್ಟಿಗೆಯ ತೂಕ ಮಾತ್ರ. ಪಕ್ಕದ ಗೋಡೆಯನ್ನೇ ತೆಗೆದರೆ ಆ ಕಮಾನಿಗೆ ಕಾಲೂರಲು ಜಾಗವೇ ಇಲ್ಲ. ಆಗ ಪೂರ್ತಿ ಭಾರ ಲಿಂಟಲ್ ಮೇಲೆ. ಹತ್ತು ಅಡಿ ಉದ್ದಕ್ಕೆ ಅಷ್ಟು ಹೊರಲು ಅದನ್ನು ಯಾರೂ ಹಾಕಿಲ್ಲ.

ಇನ್ನು ತಟ್ಟಿ ನೋಡುವ ವಿಷಯ. ತಟ್ಟಿದರೆ ಗೊತ್ತಾಗುವುದು ಗಿಲಾವು ಬಿಟ್ಟುಕೊಂಡಿದೆಯಾ ಇಲ್ಲವಾ ಅಂತ, ಅಷ್ಟೇ. ಗೋಡೆ ಭಾರ ಹೊತ್ತಿದೆಯಾ ಅನ್ನೋದಕ್ಕೆ ಬೇರೆ ಪ್ರಶ್ನೆ ಕೇಳಬೇಕು. ಮನೆ ಕಟ್ಟುವಾಗ ಮೊದಲು ಪಿಲ್ಲರ್ ಎಬ್ಬಿಸಿ, ಬೀಮ್ ಹಾಕಿ, ಮೋಲ್ಡ್ (ಆರ್‌ಸಿಸಿ ಸ್ಲಾಬ್) ಆದ ಮೇಲೆ ಗೋಡೆ ಕಟ್ಟಿದರಾ? ಅಥವಾ ಮೊದಲು ಗೋಡೆ ಎಬ್ಬಿಸಿ ಅದರ ಮೇಲೆಯೇ ಮೋಲ್ಡ್ ಹಾಕಿದರಾ? ಆ ಕಾಲದಲ್ಲಿ ಸೈಜುಗಲ್ಲು ಪಾಯದ ಮನೆ ಅಂದರೆ ಬಹುತೇಕ ಎರಡನೆಯದೇ. ತಾರಸಿ ಕೆಳಗೆ ಎಲ್ಲೂ ಬೀಮ್ ಇಳಿದು ಕಾಣದಿದ್ದರೆ ಇನ್ನೂ ಅನುಮಾನ ಬೇಡ. ನಾಲ್ಕೂವರೆ ಇಂಚಿನ ಗೋಡೆ ಅಂದಮಾತ್ರಕ್ಕೆ ಭಾರ ಇಲ್ಲ ಅಂತಲೂ ಅಲ್ಲ. ಹಳೆ ಮನೆಗಳಲ್ಲಿ ಅಂಥ ಗೋಡೆಯ ಮೇಲೂ ಸ್ಲಾಬ್ ಕೂತಿರುವುದನ್ನು ನೋಡಿದ್ದೇನೆ.

ನೀವು ಮೂರು ವಿಷಯ ಹೇಳಿ. ಮಹಡಿ ಮೇಲೆ ಸರಿಯಾಗಿ ಇದೇ ಗೋಡೆಯ ನೆತ್ತಿಗೆ ಗೋಡೆ ಇದೆಯಾ? ನೀರಿನ ಟ್ಯಾಂಕ್ ಎಲ್ಲಿದೆ? ನಿಮ್ಮ ಸೈಟಲ್ಲಿ ಎರೆ ಮಣ್ಣಾ, ಕೆಂಪು ಮಣ್ಣಾ?

ವಿನೋಬನಗರದ ಮನೆ:

ಸಾರ್, ಇಷ್ಟು ವಿವರ ಬರೆದಿದ್ದಕ್ಕೆ ಥ್ಯಾಂಕ್ಸ್. ಮಹಡಿ ಮೇಲೆ ಹೌದು, ಇದೇ ಗೋಡೆಯ ನೇರಕ್ಕೆ ಗೋಡೆ ಇದೆ. ಟ್ಯಾಂಕು 1000 ಲೀಟರ್‌ದು, ಅದೂ ಅದೇ ಗೋಡೆ ನೇರಕ್ಕೆ ತಾರಸಿ ಮೇಲೆ ಕೂತಿದೆ, ಗೋಡೆ ಮೇಲೆ ಇಟ್ಟರೆ ಗಟ್ಟಿ ಅಂತ ಅಪ್ಪನೇ ಹೇಳಿ ಇಡಿಸಿದ್ದು. ಮಣ್ಣು ಎರೆ ಮಣ್ಣೇ. ಹಿತ್ತಲಲ್ಲಿ ಬೇಸಿಗೆಗೆ ಬಿರುಕು ಬಿಡುತ್ತದೆ. ಹಳೆ ಪ್ಲಾನ್ ಸಿಕ್ಕಿದೆ, ಅದರಲ್ಲಿ ಜಿಲ್ಲೆ ಚಿತ್ರದುರ್ಗ ಅಂತಲೇ ಇದೆ, ದಾವಣಗೆರೆ ಜಿಲ್ಲೆ ಆಗಿದ್ದು 1997ರಲ್ಲಿ ಅಲ್ವಾ. ಆದರೆ ಅದರಲ್ಲಿ ರೂಮು, ಬಾಗಿಲು, ಕಿಟಕಿ ಮಾತ್ರ ಇದೆ, ಕಂಬಿ ಲೆಕ್ಕ ಏನೂ ಇಲ್ಲ.

ಕಾಂಕ್ರೀಟ್ ಲೆಕ್ಕ:

ಹಾಗಾದರೆ ಆ ಗೋಡೆ ಮನೆಯ ನಡುಬೆನ್ನು. ತೆಗೆಯಲು ಆಗುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ, ಆದರೆ ಎಷ್ಟು ಭಾರದ ಮಾತು ಅಂತ ಮೊದಲು ತಿಳಿಯಿರಿ.

ಸ್ಲಾಬ್ 5 ಇಂಚು ಅಂತ ಇಟ್ಟುಕೊಳ್ಳಿ. ಒಂದು ಚದರ ಮೀಟರಿಗೆ ಅದರದ್ದೇ ತೂಕ 310 ಕೆಜಿ ಹತ್ತಿರ. ನೆಲದ ಹಾಸು, ಗಿಲಾವು ಸೇರಿ ಇನ್ನೊಂದು 100. ಜನ, ಮಂಚ, ಬೀರು ಎಲ್ಲಕ್ಕೂ ಮನೆಗೆ ಐಎಸ್ 875ರ (ಕಟ್ಟಡದ ಭಾರ ಲೆಕ್ಕ ಹಾಕುವ ಭಾರತೀಯ ಮಾನದಂಡ) ಲೆಕ್ಕ 200 ಕೆಜಿ. ಒಟ್ಟು 600ಕ್ಕೂ ಸ್ವಲ್ಪ ಜಾಸ್ತಿ. ಹಾಲಿನ ಅರ್ಧ, ರೂಮಿನ ಅರ್ಧ ಈ ಗೋಡೆಗೆ ಬರುತ್ತದೆ, ಅಂದರೆ ಗೋಡೆಯ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 2 ಟನ್. ಮಹಡಿ ಮೇಲಿನ 9 ಇಂಚಿನ ಗೋಡೆ ಪ್ರತಿ ಮೀಟರಿಗೆ 1.4 ಟನ್. ಅದರ ಮೇಲಿನ ತಾರಸಿ ಇನ್ನೊಂದು ಒಂದೂವರೆ, ಒಂದೂಮುಕ್ಕಾಲು ಟನ್. ಎಲ್ಲ ಸೇರಿ ಮೀಟರಿಗೆ 5 ಟನ್ ಹತ್ತಿರ. ನೀವು 10 ಅಡಿ ಬಿಚ್ಚಿದರೆ 15 ಟನ್. ತುಂಬಿದ ಟ್ಯಾಂಕಿನ ಒಂದು ಟನ್ ಬೇರೆ. ಇದು ಅಂದಾಜಿನ ಲೆಕ್ಕ, ಮನೆ ನೋಡಿ ಮಾಡುವ ಲೆಕ್ಕಕ್ಕೆ ಬದಲಿ ಅಲ್ಲ.

ಈಗ ಆ ಕಬ್ಬಿಣದ ಚಾನಲ್. ಸಾಮಾನ್ಯವಾಗಿ ತರುವುದು 4 ಇಂಚಿನ ಚಾನಲ್. ಈ ಭಾರಕ್ಕೆ ಬೇಕಾದ ಬಲದಲ್ಲಿ ಹತ್ತರಲ್ಲಿ ಒಂದು ಪಾಲು ಅದಕ್ಕಿದೆ. ಬೇಕಾಗುವುದು 10 ಇಂಚಿನ ಐ ಬೀಮ್, ಅಂದರೆ ಐಎಸ್‌ಎಂಬಿ 250. ಇಲ್ಲವೆಂದರೆ 8 ಇಂಚಿನ ಐಎಸ್‌ಎಂಬಿ 200 ಎರಡನ್ನು ಜೋಡಿಸಿದ್ದು.

ಬೀಮ್ ಸಿಕ್ಕರೆ ಕೆಲಸ ಆಯ್ತು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಬೀಮ್ ಸುಲಭದ ಭಾಗ. ನಾನು ಎಲ್ಲರಿಗೂ ಕೇಳುವ ಪ್ರಶ್ನೆ ಬೇರೆ: ಬೀಮಿನ ಎರಡು ತುದಿ ಯಾವುದರ ಮೇಲೆ ಕೂರುತ್ತವೆ? ಇಷ್ಟು ದಿನ 11 ಅಡಿ ಉದ್ದಕ್ಕೂ ಹಂಚಿಕೊಂಡು ಇಳಿಯುತ್ತಿದ್ದ ಭಾರ ಈಗ ಎರಡೇ ಕಡೆ ಇಳಿಯುತ್ತದೆ, ಒಂದೊಂದು ತುದಿಗೆ ಏಳೂವರೆ ಟನ್. ಈಗ ಗೋಡೆಯ ಬುಡಕ್ಕೆ ಒಂದು ಚದರ ಸೆಂಟಿಮೀಟರಿಗೆ 2 ಕೆಜಿ ಚಿಲ್ಲರೆ ಒತ್ತಡ. ಬೀಮಿನ ತುದಿಯನ್ನು 9 ಇಂಚು ಒಳಗೆ ಇಟ್ಟುಬಿಟ್ಟರೆ ಆ ಜಾಗದಲ್ಲಿ 14 ಕೆಜಿ ಆಗುತ್ತದೆ. ಸಾಧಾರಣ ಇಟ್ಟಿಗೆ, 1:6 ಸಿಮೆಂಟ್ ಗಾರೆ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಅಂದರೆ ನಾವು ಲೆಕ್ಕದಲ್ಲಿ ನಂಬುವುದು 4-5 ಕೆಜಿ. ಇಟ್ಟಿಗೆ ಒಂದೇ ದಿನ ಪುಡಿಯಾಗದೇ ಇರಬಹುದು. ಮೆಲ್ಲಗೆ ಜಜ್ಜಿಕೊಂಡು ಬೀಮ್ ಒಂದೆರಡು ಮಿಲಿಮೀಟರ್ ಕೂರುತ್ತದೆ, ಜೊತೆಗೆ ಮೇಲಿನ ಗೋಡೆಯೂ ಕೂರುತ್ತದೆ. ಅದಕ್ಕೇ ತುದಿಯ ಕೆಳಗೆ ಕಾಂಕ್ರೀಟ್ ಬೆಡ್ ಬ್ಲಾಕ್ ಹಾಕಬೇಕು. ಅಡ್ಡ ಗೋಡೆಯ ಉದ್ದಕ್ಕೆ ಎರಡು ಅಡಿ ಹರಡಿದರೆ ಒತ್ತಡ ಐದೂವರೆ ಕೆಜಿಗೆ ಇಳಿಯುತ್ತದೆ, ಲೆಕ್ಕದ ಹತ್ತಿರ ಬರುತ್ತದೆ. ಗೋಡೆ ಅಷ್ಟೂ ತಾಳಲ್ಲ ಅನ್ನಿಸಿದರೆ ಪಾಯದಿಂದಲೇ ಪಿಲ್ಲರ್ ಎಬ್ಬಿಸಬೇಕು.

ಎರೆ ಮಣ್ಣಿನ ಬಗ್ಗೆ ಕೇಳಿದ್ದು ಇದಕ್ಕೇ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಉದ್ದಕ್ಕೂ ಹರಡಿದ ಭಾರವನ್ನು ಸೈಜುಗಲ್ಲು ಪಾಯ ಇಷ್ಟು ವರ್ಷ ತಡೆದುಕೊಂಡಿದೆ, ನಿಜ. ಎರಡು ಕಡೆ ಗುಡ್ಡೆ ಹಾಕಿದಂತೆ ಭಾರ ಇಟ್ಟರೂ ತಡೆಯುತ್ತದಾ ಅಂತ ಒಂದು ಗುಂಡಿ ತೋಡಿ ಪಾಯದ ಅಗಲ, ಆಳ ನೋಡದೇ ಯಾರೂ ಹೇಳಬಾರದು.

ಹರಿಹರದವನು:

ಸಾರ್ ಹೇಳಿದ್ದು ಒಪ್ಪುತ್ತೇನೆ, ಕಮಾನಿನ ವಿಷಯ ಯೋಚಿಸಿರಲಿಲ್ಲ. ಒಂದು ಪ್ರಶ್ನೆ. ಆರ್‌ಸಿಸಿ ತಾನೇ ಅಷ್ಟು ಗಟ್ಟಿ ಇರುತ್ತದಲ್ವಾ, ಗೋಡೆ ಇಲ್ಲದೇ ಇದ್ದರೂ ಈ ಕಡೆ ಗೋಡೆಯಿಂದ ಆ ಕಡೆ ಗೋಡೆಗೆ ನಿಲ್ಲಲ್ಲವಾ?

ಕಾಂಕ್ರೀಟ್ ಲೆಕ್ಕ:

ನಿಲ್ಲಲ್ಲ. 10-11 ಅಡಿ ಅಂತರ 21 ಅಡಿ ಆದರೆ ಬಾಗುವ ಒತ್ತಡ ಎರಡು ಪಟ್ಟಲ್ಲ, ನಾಲ್ಕು ಪಟ್ಟು ಆಗುತ್ತದೆ. ಜೋಲುವುದು ಹದಿನಾರು ಪಟ್ಟು. ಅದಕ್ಕಿಂತ ದೊಡ್ಡ ತೊಂದರೆ ಕಂಬಿಯದು. ನಡುವಿನ ಗೋಡೆ ಬರುವ ಕಡೆ ಸ್ಲಾಬ್ ಮೇಲ್ಮುಖಕ್ಕೆ ಎಳೆತ ಇರುತ್ತದೆ. ಅದಕ್ಕೆ ಕಂಬಿ ಕಟ್ಟುವ ಬಾರ್ ಬೆಂಡರ್ ಅಲ್ಲಿ ಒಂದು ಬಿಟ್ಟು ಒಂದು ಕಂಬಿಯನ್ನು ಕ್ರ್ಯಾಂಕ್ ಹೊಡೆದು ಮೇಲಕ್ಕೆ ಎತ್ತಿರುತ್ತಾನೆ. ಅಂದರೆ ಗೋಡೆಯ ನೆತ್ತಿಯಲ್ಲಿ ಸ್ಲಾಬಿನ ಕೆಳಗಡೆ ಕಂಬಿ ಅರ್ಧ ಮಾತ್ರ. ಗೋಡೆ ತೆಗೆದರೆ ಕೆಳಗಡೆ ಎಳೆತ ಅತಿ ಜಾಸ್ತಿ ಬರುವುದು ಸರಿಯಾಗಿ ಅದೇ ಜಾಗದಲ್ಲಿ.

ಗಾರೆ ಕೆಲಸದವ:

ನಾನು ಮೇಸ್ತ್ರಿ. ಹಳೆ ಮನೆ ಒಡೆಯುವುದು, ಸೇರಿಸುವುದು ತುಂಬ ಮಾಡಿದ್ದೇನೆ. ಇಂಜಿನಿಯರ್ ಸಾಹೇಬರು ಲೆಕ್ಕ ಹೇಳಿದರು, ನಾನು ಕೆಲಸದ ಕ್ರಮ ಹೇಳುತ್ತೇನೆ, ಯಾಕಂದರೆ ಲೆಕ್ಕ ಸರಿ ಇದ್ದೂ ಕ್ರಮ ತಪ್ಪಿ ಬಿರುಕು ಬಿಟ್ಟ ಮನೆಗಳಿವೆ.

ಮೊದಲು ಮೇಲಿನ ಭಾರ ಇಳಿಸಿ. ಟ್ಯಾಂಕ್ ಖಾಲಿ, ಮಹಡಿ ಮೇಲಿನ ರೂಮಿನ ಬೀರು, ಪುಸ್ತಕ, ಅಕ್ಕಿ ಮೂಟೆ ಎಲ್ಲ ಹೊರಗೆ. ಕೆಲಸ ನಡೆಯುವಾಗ ಮೇಲೆ ಯಾರೂ ಮಲಗಬಾರದು. ಆಮೇಲೆ ಗೋಡೆಯ ಎರಡೂ ಕಡೆ, ಒಂದೂವರೆ ಎರಡು ಅಡಿ ಬಿಟ್ಟು, ಸಾಲಾಗಿ ಜಾಕಿ (ತಿರುಗಿಸಿ ಎತ್ತರ ಮಾಡುವ ಕಬ್ಬಿಣದ ಆಸರೆ ಕಂಬ). ಜಾಕಿಯನ್ನು ಟೈಲ್ಸ್ ಮೇಲೆ ಹಾಗೇ ಇಡಬಾರದು, ಕೆಳಗೆ ದಪ್ಪ ಹಲಗೆ, ಮೇಲೆ ಸ್ಲಾಬಿಗೆ ಒತ್ತಿ ಉದ್ದಕ್ಕೆ ಇನ್ನೊಂದು ಹಲಗೆ. ಕೈಯಲ್ಲಿ ತಿರುಗಿಸಿ ಬಿಗಿ ಬಂದರೆ ಸಾಕು. ಜಾಸ್ತಿ ತಿರುಗಿಸಿ ಸ್ಲಾಬ್ ಎತ್ತಲು ಹೋದರೆ ಅದೇ ಬಿರುಕು ಬಿಡುತ್ತದೆ.

9 ಇಂಚಿನ ಗೋಡೆಗೆ ನನಗೆ ಒಪ್ಪುವುದು ಜೋಡಿ ಬೀಮ್. ಒಂದೇ ಸಲ ಗೋಡೆ ಬಿಚ್ಚಬೇಕಿಲ್ಲ. ಮೊದಲು ಎರಡೂ ತುದಿಯ ಬೆಡ್ ಬ್ಲಾಕ್ ಹಾಕಿ ಗಟ್ಟಿಯಾಗಲು ಬಿಡಬೇಕು. ಆಮೇಲೆ ಹಾಲಿನ ಕಡೆಯಿಂದ ಸ್ಲಾಬಿನ ಕೆಳಗೇ ಅರ್ಧ ದಪ್ಪ ಮಾತ್ರ ಕಟರ್‌ನಲ್ಲಿ ಕೊಯ್ದು ಗಾಡಿ (ಗೋಡೆಯಲ್ಲಿ ಕೊರೆದ ತೋಡು) ಮಾಡಿ ಒಂದು ಬೀಮ್ ಕೂರಿಸಬೇಕು. 200ರ ಬೀಮಿನ ಅಗಲ 4 ಇಂಚು, ಸರಿಯಾಗಿ ಕೂರುತ್ತದೆ. ಅದರ ಮೇಲೆ ಸ್ಲಾಬಿಗೂ ಬೀಮಿಗೂ ನಡುವೆ ಸಂದು ಇರುತ್ತದೆ. ಅಲ್ಲಿ ಕಬ್ಬಿಣದ ಪ್ಲೇಟ್ ಬಡಿದು, ಕುಗ್ಗದ ಗ್ರೌಟ್ (ಸಂದಿಗೆ ತುಂಬುವ ಸಿಮೆಂಟ್ ಮಿಶ್ರಣ) ತುಂಬಬೇಕು. ಇಷ್ಟೂ ಹೊತ್ತು ಉಳಿದ ಅರ್ಧ ಗೋಡೆ ಭಾರ ಹೊತ್ತಿರುತ್ತದೆ. ಅದು ಗಟ್ಟಿಯಾದ ಮೇಲೆ ರೂಮಿನ ಕಡೆಯಿಂದ ಇನ್ನೊಂದು. ಎರಡಕ್ಕೂ ಬೋಲ್ಟ್ ಹಾಕಿ ಒಂದು ಮಾಡಬೇಕು. ಆಮೇಲೆಯೇ ಕೆಳಗಿನ ಗೋಡೆ, ಮೇಲಿಂದ ಕೆಳಕ್ಕೆ ಒಂದೊಂದೇ ವರಸೆ.

ದೊಡ್ಡ ಸುತ್ತಿಗೆ, ಬ್ರೇಕರ್ ಬೇಡ. ಹಳೆ ಗಾರೆ ಅದುರಿ ಪಕ್ಕದ ಗೋಡೆಯ ಇಟ್ಟಿಗೆಯೂ ಸಡಿಲ ಆಗುತ್ತದೆ. ಎರಡು ದಿನದಲ್ಲಿ ಮುಗಿಸುತ್ತೇನೆ ಅನ್ನುವವರು ಗ್ರೌಟ್ ಗಟ್ಟಿಯಾಗಲು ಬಿಡುವುದೇ ಇಲ್ಲ ಅಂತ ಅರ್ಥ.

ದುರ್ಗದವಳು:

ಓದುತ್ತಾ ಓದುತ್ತಾ ನಮ್ಮ ಮನೆ ನೆನಪಾಗಿ ಕೇಳುತ್ತಿದ್ದೇನೆ. ನಮ್ಮದು ಚಿತ್ರದುರ್ಗದ ಹತ್ತಿರ ಹಳ್ಳಿಯಲ್ಲಿ ಹಳೆ ಮಾಳಿಗೆ ಮನೆ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಜಂತೆ (ಸಾಲಾಗಿ ಜೋಡಿಸಿದ ಮರದ ತುಂಡುಗಳು), ಅದರ ಮೇಲೆ ಮಣ್ಣು. ಅಜ್ಜನ ಕಾಲದಿಂದ ಸೋರಿದಾಗೆಲ್ಲ ಮೇಲೆ ಕರಲು ಮಣ್ಣು ಹಾಕುತ್ತಲೇ ಬಂದಿದ್ದಾರೆ. ಈಗ ಅಣ್ಣ ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆ ತೆಗೆಸುತ್ತೇನೆ ಅನ್ನುತ್ತಾನೆ. ಅಲ್ಲಿ ಆರ್‌ಸಿಸಿ ಇಲ್ಲ, ಹಾಗಾಗಿ ಭಾರ ಕಡಿಮೆ ಅಂತ ಅವನ ವಾದ. ಏನು ಹೇಳಲಿ?

ಕಾಂಕ್ರೀಟ್ ಲೆಕ್ಕ:

ಅಕ್ಕಾ, ಭಾರ ಕಡಿಮೆ ಅಲ್ಲ. ಮಣ್ಣು ಒಂದು ಇಂಚು ದಪ್ಪಕ್ಕೆ ಚದರ ಮೀಟರಿಗೆ 45 ಕೆಜಿ ಹತ್ತಿರ ಬರುತ್ತದೆ. ವರ್ಷ ವರ್ಷ ಹಾಕಿ 8 ಇಂಚು ಆಗಿದ್ದರೆ 360 ಕೆಜಿ, ಅಂದರೆ 5 ಇಂಚಿನ ಆರ್‌ಸಿಸಿಗಿಂತ ಜಾಸ್ತಿಯೇ. ಮಳೆ ಕುಡಿದರೆ ಇನ್ನೂ ಏರುತ್ತದೆ. ಅಣ್ಣನಿಗೆ ಮೊದಲು ಮಾಳಿಗೆ ಹತ್ತಿ ಮಣ್ಣು ಎಷ್ಟು ದಪ್ಪ ಇದೆ ಅಂತ ಒಂದು ಕಡೆ ಬಗೆದು ನೋಡಲು ಹೇಳಿ.

ಆಮೇಲೆ ಜಂತೆ ಯಾವ ಕಡೆಗೆ ಓಡುತ್ತದೆ ನೋಡಿ. ಆ ಗೋಡೆಯ ಉದ್ದಕ್ಕೆ ಸಮಾನಾಂತರವಾಗಿ ಓಡುತ್ತಿದ್ದರೆ ಗೋಡೆಯ ಮೇಲೆ ಭಾರ ಕಡಿಮೆ ಇರಬಹುದು. ಅಡ್ಡಲಾಗಿ ಬಂದು ಗೋಡೆಯ ಮೇಲೆ ಕೂತಿದ್ದರೆ ಹುಷಾರು. ಅಷ್ಟು ಉದ್ದದ ಮರ ಸಿಗದೇ, ಆ ಕಡೆಯ ಜಂತೆ ಈ ಕಡೆಯ ಜಂತೆ ಎರಡರ ತುದಿಯನ್ನೂ ಆ ಗೋಡೆಯ ಮೇಲೆಯೇ ಜೋಡಿಸಿರುತ್ತಾರೆ. ಗೋಡೆ ಹೋದರೆ ಎರಡೂ ಕಡೆಯ ಮಾಳಿಗೆ ಒಟ್ಟಿಗೇ ಬರುತ್ತದೆ.

ಗಾರೆ ಕೆಲಸದವ:

ಅಕ್ಕಾ, ಅದಕ್ಕೆ ನಿಮ್ಮ ಮನೆಯಲ್ಲೇ ಉತ್ತರ ಇರುತ್ತದೆ. ಪಡಸಾಲೆ ನೋಡಿ. ಅಲ್ಲಿ ಗೋಡೆ ಇಲ್ಲ, ಕಂಬ ಇದೆ. ಕಂಬದ ಮೇಲೆ ಬೋದಿಗೆ (ಕಂಬದ ತಲೆಗೆ ಇಡುವ ಅಗಲವಾದ ತುಂಡು), ಬೋದಿಗೆ ಮೇಲೆ ತೊಲೆ, ತೊಲೆ ಮೇಲೆ ಜಂತೆ. ಕಂಬದ ಬುಡಕ್ಕೆ ಅಗಲವಾದ ಕಲ್ಲು. ಗೋಡೆ ತೆಗೆಯಲೇಬೇಕು ಅಂದರೆ ಅಲ್ಲೂ ಹಾಗೇ ಕಂಬ, ತೊಲೆ ಕೊಡಬೇಕು. ಹಳೆ ಮನೆ ಬಿಚ್ಚುವ ಕಡೆ ಒಳ್ಳೆ ತೊಲೆ, ಕಂಬ ಸಿಗುತ್ತವೆ, ಗೆದ್ದಲು ಹಿಡಿದಿಲ್ಲ ಅಂತ ಉಳಿ ಚುಚ್ಚಿ ನೋಡಿ ತನ್ನಿ. ಮಣ್ಣಿನ ಗೋಡೆಯ ತುದಿಗೆ ತೊಲೆಯನ್ನು ಹಾಗೇ ತೂರಿಸಬೇಡಿ, ಕಂಬವೇ ಕೊಡಿ.

ಕಾಂಕ್ರೀಟ್ ಲೆಕ್ಕ:

ಮೇಸ್ತ್ರಿಯವರು ಹೇಳಿದ ಬೋದಿಗೆ, ಬುಡದ ಕಲ್ಲು, ನಾನು ಮೇಲೆ ಹೇಳಿದ ಬೆಡ್ ಬ್ಲಾಕ್ ಎಲ್ಲದರ ಕೆಲಸ ಒಂದೇ. ಒಂದೇ ಕಡೆ ಬರುವ ಭಾರವನ್ನು ಅಗಲ ಮಾಡುವುದು. ನಮ್ಮ ಕಡೆಯ ಬಡಗಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಮತ್ತೆ ಅಕ್ಕಾ, ಮಳೆಗಾಲದಲ್ಲಿ ಮಾತ್ರ ಆ ಕೆಲಸಕ್ಕೆ ಕೈ ಹಾಕಬೇಡಿ. ಮೊದಲು ಹೆಚ್ಚಿನ ಮಣ್ಣು ಇಳಿಸಿ, ಆಮೇಲೆ ಮುಂದಿನದು.

ಬೆಣ್ಣೆನಗರಿ:

ನಮ್ಮ ಸಂಬಂಧಿಕರ ಮನೆಯಲ್ಲಿ ಇಂಥದ್ದೇ ಗೋಡೆಯನ್ನು ಯಾರನ್ನೂ ಕೇಳದೇ ಒಬ್ಬ ಕಂಟ್ರಾಕ್ಟರ್ ತೆಗೆದಿದ್ದರು. ಬೀಮ್ ಹಾಕಿದ್ದರು, ಆದರೆ ಸ್ಲಾಬಿಗೂ ಬೀಮಿಗೂ ನಡುವೆ ಬರೀ ಗಾರೆ ಮೆತ್ತಿದ್ದರು. ಮೊದಲು ಗೊತ್ತಾಗಿದ್ದು ಮಹಡಿ ಮೇಲಿನ ಬಾತ್‌ರೂಮಿನ ಬಾಗಿಲಿನಿಂದ. ಸರಾಗವಾಗಿ ಹಾಕಿಕೊಳ್ಳುತ್ತಿದ್ದ ಬಾಗಿಲು ಮೇಲಿನ ಮೂಲೆಯಲ್ಲಿ ಉಜ್ಜಲು ಶುರುವಾಯಿತು. ಮಳೆಗೆ ಮರ ಉಬ್ಬಿದೆ ಅಂತ ಬಡಗಿ ಕರೆಸಿ ಕೆರೆಸಿದರು. ಆಮೇಲೆ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಂತು, ಕೆಳಗೆ ಕೂದಲೆಳೆ, ಮೇಲೆ ಹೋಗುತ್ತಾ ಒಂದು ರೂಪಾಯಿ ನಾಣ್ಯ ತೂರುವಷ್ಟು. ಜಾಕಿ ಕೊಟ್ಟು, ಸಂದಿಗೆ ಸರಿಯಾಗಿ ಪ್ಲೇಟ್ ಬಡಿದು ಗ್ರೌಟ್ ಮಾಡಿದ ಮೇಲೆ ನಿಂತಿತು. ಹಾಗಾಗಿ ಮಹಡಿ ಮೇಲಿನ ಬಾಗಿಲು ಕಿಟಕಿ ಹಿಡಿದುಕೊಳ್ಳಲು ಶುರುವಾದರೆ ಸುಮ್ನೆ ಬಡಗಿ ಕರೆಸಬೇಡಿ.

ಕಾಂಕ್ರೀಟ್ ಲೆಕ್ಕ:

ಬಹಳ ಉಪಯೋಗದ ಮಾತು. ಇದಕ್ಕೊಂದು ಸುಲಭದ ವಿಧಾನ ಇದೆ. ಬಿರುಕಿನ ಮೇಲೆ ಅಡ್ಡಲಾಗಿ ಒಂದು ತೆಳು ಗಾಜಿನ ಪಟ್ಟಿ ಇಟ್ಟು ಎರಡೂ ತುದಿಗೆ ಸಿಮೆಂಟ್ ಮೆತ್ತಿ, ಪಕ್ಕದಲ್ಲಿ ತಾರೀಖು ಬರೆಯಿರಿ. ಗಾಜು ಒಡೆದರೆ ಗೋಡೆ ಇನ್ನೂ ಅಲುಗುತ್ತಿದೆ ಅಂತ. ಒಡೆಯದೇ ಇದ್ದರೆ ಹಳೆ ಬಿರುಕು. ಕೆಲಸ ಶುರು ಮಾಡುವ ಮೊದಲೇ ಮನೆಯ ಎಲ್ಲ ಗೋಡೆಗಳ ಫೋಟೋ ತೆಗೆದಿಡಿ, ಆಮೇಲೆ ಇದು ಮೊದಲೇ ಇತ್ತಾ ಅನ್ನುವ ಜಗಳ ಇರುವುದಿಲ್ಲ.

ವಿನೋಬನಗರದ ಮನೆ:

ಎಲ್ಲರಿಗೂ ಏನಾಯಿತು ಅಂತ ಹೇಳಬೇಕು. ಇಲ್ಲಿನ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ರನ್ನು ಕರೆಸಿದೆ. ಹಾಲಿನ ಸೂರಿನಲ್ಲಿ ಎರಡು ಕಡೆ ಅಂಗೈ ಅಗಲ ಗಿಲಾವು ಕೆತ್ತಿ ಕಂಬಿ ನೋಡಿದರು. ದಪ್ಪ ಕಂಬಿ ಗೋಡೆಗೆ ಅಡ್ಡಲಾಗಿಯೇ ಓಡುತ್ತಿದೆ, ಸ್ಲಾಬ್ ಪೂರ್ತಿ ಆ ಗೋಡೆ ಮೇಲೆ ಕೂತಿದೆ ಅಂದರು. ಹಿತ್ತಲ ಕಡೆ ಒಂದು ಗುಂಡಿ ತೋಡಿಸಿ ಪಾಯ ನೋಡಿದರು. ಪಾಯ ಅಗಲ ಚೆನ್ನಾಗಿದೆಯಂತೆ, ಆದರೆ ಪೂರ್ತಿ 10 ಅಡಿ ತೆಗೆದರೆ ಎರಡು ಕಡೆ ಹೊಸ ಪಿಲ್ಲರ್, ಅದಕ್ಕೆ ಎರೆ ಮಣ್ಣಲ್ಲಿ ಹೊಸ ಫುಟಿಂಗ್ (ಪಿಲ್ಲರ್ ಬುಡದ ಪಾಯ), ಅಂದರೆ ಹಾಲಿನ ನೆಲ ಎಲ್ಲ ಅಗೆಯಬೇಕು. ಅಷ್ಟು ನಮಗೆ ಬೇಡ ಅನ್ನಿಸಿತು. ಅವರೇ ಹೇಳಿದ್ದು, ಎರಡೂ ಕಡೆ ಎರಡೆರಡು ಅಡಿ ಗೋಡೆ ಉಳಿಸಿ ನಡುವೆ 7 ಅಡಿ ಮಾತ್ರ ಬಿಚ್ಚೋಣ ಅಂತ. ಮೇಸ್ತ್ರಿಯವರು ಇಲ್ಲಿ ಬರೆದ ಜೋಡಿ ಬೀಮ್ ಬಗ್ಗೆ ಕೇಳಿದೆ, ಅದೇ ಸರಿ ಅಂದರು. ಅಮ್ಮನ ವಾಕರ್‌ಗೆ 7 ಅಡಿ ಧಾರಾಳ ಆಯಿತು.

ಆ ಎರಡು ಅಡಿ ತುಂಡು ತಡೆಯುತ್ತದಾ ಅಂತ ಒಂದು ಭಯ ಇದ್ದೇ ಇದೆ. ಪಾಲಿಕೆಯಲ್ಲಿ ಏನಾದರೂ ಕೇಳಬೇಕಾ?

ಕಾಂಕ್ರೀಟ್ ಲೆಕ್ಕ:

ಒಳ್ಳೆಯ ನಿರ್ಧಾರ. ಭಯ ಇರಲಿ, ಅದರ ಲೆಕ್ಕ ಕೇಳಿ. 7 ಅಡಿಗೆ ಬರುವುದು ಹತ್ತೂವರೆ ಟನ್ ಹತ್ತಿರ. ಒಂದೊಂದು ತುಂಡಿಗೆ ಐದು ಟನ್ ಚಿಲ್ಲರೆ, ಜೊತೆಗೆ ಆ ತುಂಡಿನ ನೆತ್ತಿಯ ಭಾರ 3 ಟನ್. ಒತ್ತಡ ಚದರ ಸೆಂಟಿಮೀಟರಿಗೆ 6 ಕೆಜಿ ಆಗುತ್ತದೆ, ಈಗಿನದ್ದಕ್ಕೆ ಮೂರು ಪಟ್ಟು ಹತ್ತಿರ. ಆ ತುಂಡು ಅಡ್ಡ ಗೋಡೆಗೆ ಕಚ್ಚಿಕೊಂಡು ಕಟ್ಟಿದ್ದರೆ ಭಾರದ ಒಂದು ಪಾಲು ಅಡ್ಡ ಗೋಡೆಗೂ ಹಂಚಿಹೋಗುತ್ತದೆ. ಕಚ್ಚಿದೆಯಾ, ಸುಮ್ನೆ ತಾಗಿಸಿ ಕಟ್ಟಿದ್ದಾರಾ ಅಂತ ಮೂಲೆಯ ಗಿಲಾವು ಕಿತ್ತು ನೋಡಿಸಿ. ಕಚ್ಚಿಲ್ಲದಿದ್ದರೆ, ಇಟ್ಟಿಗೆ ಮೆತ್ತಗಿದ್ದರೆ, ಆ ತುಂಡಿಗೆ ಎರಡೂ ಕಡೆ ಕಂಬಿ ಜಾಲರಿ ಕಟ್ಟಿ ಕಾಂಕ್ರೀಟ್ ಕವಚ ಹಾಕಿಸಬೇಕಾಗುತ್ತದೆ. ಇದನ್ನು ನಿಮ್ಮ ಇಂಜಿನಿಯರ್ ಹತ್ತಿರ ಕೇಳಿ, ಡ್ರಾಯಿಂಗ್‌ನಲ್ಲಿ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಆ ತುಂಡುಗಳಲ್ಲಿ ಸ್ವಿಚ್‌ಬೋರ್ಡ್‌ಗೆ, ಪೈಪಿಗೆ ಅಂತ ಗಾಡಿ ಹೊಡೆಯಲು ಇನ್ನು ಯಾರಿಗೂ ಬಿಡಬೇಡಿ.

ಪಾಲಿಕೆಯ ಕಟ್ಟಡ ವಿಭಾಗದಲ್ಲಿ ಡ್ರಾಯಿಂಗ್ ತೋರಿಸಿ ಕೇಳಿಯೇ ಶುರು ಮಾಡಿ. ಟ್ಯಾಂಕ್ ಅಲ್ಲಿಂದ ಹೊರಗೋಡೆಯ ಮೂಲೆಗೆ ಸರಿಸಿ, ಅದು ಹೇಗೂ ಒಳ್ಳೆಯದೇ.

ಗಾರೆ ಕೆಲಸದವ:

ಬೀಮಿಗೂ ಹಳೆ ಗೋಡೆಗೂ ಸೇರುವ ಕಡೆ ಗಿಲಾವು ಮಾಡುವಾಗ ಕೋಳಿ ಜಾಲರಿ ಹೊಡೆಸಿ, ಎರಡೂ ಕಡೆಗೆ ಅರ್ಧ ಅಡಿ ಹಾಯುವಂತೆ. ಇಲ್ಲದಿದ್ದರೆ ಆ ಗೆರೆಯಲ್ಲಿ ಸಣ್ಣ ಬಿರುಕು ಬಂದು ಸುಮ್ನೆ ಗಾಬರಿಯಾಗುತ್ತೀರಿ. ಬೀಮಿಗೆ ತುಕ್ಕು ಹಿಡಿಯದ ಪೇಂಟ್ ಎರಡು ಕೋಟ್ ಮೊದಲೇ ಆಗಿರಲಿ, ಕೂರಿಸಿದ ಮೇಲೆ ಮೇಲ್ಭಾಗಕ್ಕೆ ಬ್ರಶ್ ಹೋಗುವುದಿಲ್ಲ. ಜಾಕಿ ತೆಗೆಯುವಾಗ ನಡುವಿನಿಂದ ಶುರು ಮಾಡಿ, ಒಂದೊಂದನ್ನು ಕಾಲು ಸುತ್ತು ಸಡಿಲ ಮಾಡುತ್ತಾ, ಮೇಲೆ ಕಿವಿಗೊಟ್ಟು.

ವಿನೋಬನಗರದ ಮನೆ:

ಆಗಲಿ. ಮಳೆ ನಿಂತ ಮೇಲೆ, ದೀಪಾವಳಿ ಕಳೆದು ಶುರು ಮಾಡುತ್ತೇವೆ. ಮೂಲೆಯ ಗಿಲಾವು ನಾಳೆಯೇ ಕೀಳಿಸಿ ಫೋಟೋ ಹಾಕುತ್ತೇನೆ.